ಹೊಲ ನಮ್ಮದು, ಚಿಗರಿ ಯಾರದು?

ಗಿಲ್ಲೆಸುಗೂರು ಸೀಮೆಯ ಎರೆಹೊಲದಲ್ಲಿ ತೊಗರಿ ಎರಡೆಲೆ ಬಿಟ್ಟರೆ ಸಾಕು, ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಬಂದು ಕುಡಿ ಮೇಯುತ್ತದೆ. ಬದುವಿಗೆ ಕಟ್ಟಿದ ಹಳೆ ಸೀರೆಗೆ ನಾಲ್ಕು ದಿನ ಹೆದರಿಯಾವು, ಅಷ್ಟೇ. ಅಜ್ಜನ ಕಾಲದ ಹೊಲ, ಬಿಲ್ಲು ಹಿಡಿದರೇನು ತಪ್ಪು? ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಸ್ವಂತ ಜಮೀನಿನಲ್ಲೇ ಬಾಣದಿಂದ ಹೊಡೆಯುತ್ತಾರಲ್ಲ ಎನ್ನಬಹುದು. ಅಲ್ಲೂ ಪ್ರಾಣಿ ಜಮೀನಿನ ಒಡೆಯನದಲ್ಲ. ಬೇಟೆಯ ಕಾಲ, ಮಿತಿ ಗೊತ್ತುಮಾಡುವುದು ರಾಜ್ಯವೇ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿಟ್ಟಿದೆ. ಬೆಳೆ ತಿಂದಿತೆಂದು ಕೊಲ್ಲಲು ಪರವಾನಗಿ ಸಿಗದು. ಅದು ಮೇಯುತ್ತಿದ್ದ ಬಯಲನ್ನು ಉತ್ತವರು ನಾವೇ ಆದ್ದರಿಂದ ಈ ಬಿಗಿ ನನಗೆ ಸರಿಯೆನಿಸುತ್ತದೆ.

ಹಾಗೆಂದು ನಷ್ಟವನ್ನು ರೈತನೊಬ್ಬನೇ ಹೊರಬೇಕೇ? ಪರರ ದನ ಹೊಲ ಹೊಕ್ಕರೆ ಕೊಂಡವಾಡಕ್ಕೆ ಹೊಡೆದು ದಂಡ ಕೇಳುತ್ತೇವೆ. ಚಿಗರಿಯ ಕಾವಲು ತನ್ನದೆನ್ನುವ ಸರ್ಕಾರ ಮರುಬಿತ್ತನೆಯ ಬೀಜದ ದುಡ್ಡನ್ನು ಹದ ಆರುವ ಮೊದಲೇ ಕೊಡಬೇಕು.