ಓದಲೊಲ್ಲದ ಮಗುವಿನ ಕೈಗೆ ಪುಸ್ತಕ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಓದಿನ ಮಾತನ್ನೆತ್ತಿದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ದೂರು ಒಂದೇ: “ನಮ್ಮ ಹುಡುಗ ಪುಸ್ತಕ ಮುಟ್ಟುವುದೇ ಇಲ್ಲ, ಸದಾ ಮೊಬೈಲು.” ಆ ಹುಡುಗನ ಪಕ್ಷ ವಹಿಸಿ ಮೊದಲು ಎರಡು ಮಾತು ಹೇಳಬೇಕಾಗಿದೆ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು, ಶಾಲೆ, ಟ್ಯೂಷನ್ ಮುಗಿಸಿ ಸಂಜೆ ಮರಳುವ ಮುಂಬಯಿಯ ಬಾಲಕನಿಗೆ ಪುಸ್ತಕವೆಂದರೆ ಪ್ರಶ್ನೆ, ಪ್ರಶ್ನೆಯೆಂದರೆ ಅಂಕ. ಅಪ್ಪಿತಪ್ಪಿ ಅವನು ಕಥೆಯೊಂದನ್ನು ಓದಿ ಮುಗಿಸಿದರೆ ನಾವೂ “ಏನು ತಿಳಿಯಿತು, ಹೇಳು ನೋಡೋಣ” ಎಂದು ಪರೀಕ್ಷಕರಾಗಿ ಕುಳಿತುಬಿಡುತ್ತೇವೆ. ಊಟವಾದ ಮೇಲೆ ತುತ್ತು ತುತ್ತಿಗೂ ಲೆಕ್ಕ ಕೇಳಿದರೆ ಹಸಿವೆಯಾದರೂ ಉಳಿದೀತೆ?

ಫ್ರಾನ್ಸ್ ದೇಶದ ಡೇನಿಯಲ್ ಪೆನ್ನಾಕ್ ಎಂಬ ಲೇಖಕರು ಅಧ್ಯಾಪಕರೂ ಆಗಿದ್ದವರು. 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದರಲ್ಲಿ ಅವರು ಓದುಗನಿಗೆ ಹತ್ತು ಹಕ್ಕುಗಳನ್ನು ವಿಧಿಸಿದ್ದಾರೆ. ಪುಟ ಹಾರಿಸುವುದು, ಅರ್ಧಕ್ಕೇ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಅವುಗಳಲ್ಲಿ ಸೇರಿವೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ತುಸು ಉದ್ಧಟತನವೆನಿಸಬಹುದು. ಆದರೆ ವಾರಪತ್ರಿಕೆ ಕೈಗೆ ಬಂದೊಡನೆ ಬೇಕಾದ ಪುಟವನ್ನಷ್ಟೇ ತೆರೆದು ಓದುವವರು ನಾವೇ ಅಲ್ಲವೆ?

ಸಂಗೀತಾಭ್ಯಾಸದಲ್ಲಿ ನಮಗೆ ಈ ವಿವೇಕವಿದೆ. ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಕ್ರಮವಿದು. ಯಾರೂ ಮೊದಲ ದಿನವೇ ಮಗುವಿಗೆ ರಾಗ-ತಾನ-ಪಲ್ಲವಿ ಹೇಳಿಕೊಡುವುದಿಲ್ಲ. ಆದರೆ ಬಹುಮಾನವಿತರಣೆಯ ದಿನ ಹತ್ತು ವರ್ಷದ ಬಾಲಕನ ಕೈಗೆ ಆರು ನೂರು ಪುಟದ ಗ್ರಂಥವನ್ನಿತ್ತು ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ಅಂದಿನಿಂದಲೇ ಅಟ್ಟ ಸೇರುತ್ತದೆ.

ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈಯವರ ವೃತ್ತಾಂತ ನಿಮಗೆ ಗೊತ್ತಿದ್ದೀತು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಅವರು ಕಂಡರು. ಮಕ್ಕಳನ್ನು ನಿಂದಿಸುತ್ತ ಕೂಡಲಿಲ್ಲ. 1967ರಲ್ಲಿ ಇದೇ ಮುಂಬಯಿಯಿಂದ ‘ಅಮರ ಚಿತ್ರಕಥೆ’ ಆರಂಭಿಸಿದರು. ಚಿತ್ರಕಥೆ ಓದೇ ಅಲ್ಲವೆಂದು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು. ರಾಷ್ಟ್ರೋತ್ಥಾನ ಪರಿಷತ್ತಿನವರು ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ-ಭಾರತಿ’ ಮಾಲೆಯ 510 ಪುಸ್ತಕಗಳೂ ಅಂಥವೇ: ಅಂಗೈಯಗಲ, ಒಂದೇ ಕೂರುವಿಕೆಗೆ ಮುಗಿಯುವಂಥವು. ಒಂದು ಪುಸ್ತಕವನ್ನು ಮುಗಿಸಿದೆನೆಂಬ ಹೆಮ್ಮೆ ಇನ್ನೊಂದನ್ನು ತೆರೆಸುತ್ತದೆ.

ಹೊರನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ಮಗು ಕನ್ನಡವಾಡುತ್ತದೆ, ಅಕ್ಷರ ಅರಿಯದು. ಊರಿನಿಂದ ಅಜ್ಜ ಬರೆದ ನಾಲ್ಕು ಸಾಲನ್ನು ತಂದೆಯೇ ಓದಿ ಹೇಳಬೇಕು. ಆದರೆ ಇಲ್ಲಿನ ಶಾಲೆಯಲ್ಲಿ ಮರಾಠಿ ಕಲಿತ ಮಗುವಿಗೆ ವರ್ಣಮಾಲೆಯ ಕ್ರಮ, ಕಾಗುಣಿತದ ತರ್ಕ ಆಗಲೇ ಬಂದಿರುತ್ತದೆ. ಹೊಸದೆಂದರೆ ಅಕ್ಷರಗಳ ಆಕಾರ, ಕೆಳಗೆ ಬರೆಯುವ ಒತ್ತು, ಎ-ಏ, ಒ-ಓಗಳ ಹ್ರಸ್ವ-ದೀರ್ಘ ಭೇದ. ಹೈದರಾಬಾದಿನಲ್ಲಿರುವ ಬಂಧುಗಳ ಮಕ್ಕಳಿಗಂತೂ ತೆಲುಗು ಲಿಪಿ ಬಂದರೆ ಮುಕ್ಕಾಲು ಕೆಲಸ ಮುಗಿಯಿತು.

ಇದಕ್ಕೆ ಅತ್ಯಂತ ಸುಲಭದ ಸಾಧನ ನಮ್ಮ ಮನೆಗಳಲ್ಲೇ ಇದೆ. ಮಗುವಿಗೆ ಬಾಯಿಪಾಠವಾಗಿರುವ ದೇವರನಾಮವನ್ನು ದಪ್ಪಕ್ಷರದಲ್ಲಿ ಬರೆದು ಮುಂದಿಡಿ. ಹಾಡುತ್ತ ಬೆರಳಾಡಿಸಲಿ. ಶಬ್ದ ಗೊತ್ತಿರುವುದರಿಂದ ಅಕ್ಷರ ತಾನಾಗಿ ಗುರುತಾಗುತ್ತದೆ. ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿ ಬ್ರಿಜ್ ಕೊಠಾರಿಯವರು 1996ರಲ್ಲಿ ಕೈಗೊಂಡ ಕಾರ್ಯದ ತಿರುಳೂ ಇದೇ. ಟೀವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯಲ್ಲಿ ಸಾಹಿತ್ಯ ಮೂಡಿದರೆ, ನೋಡುವವರು ಅರಿವಿಲ್ಲದೆಯೇ ಓದುತ್ತಾರೆ.

ರಾತ್ರಿ ಹದಿನೈದು ನಿಮಿಷ ದೊಡ್ಡವರೇ ಗಟ್ಟಿಯಾಗಿ ಓದುವುದು ಬೇರೆಲ್ಲಕ್ಕಿಂತ ಮಿಗಿಲು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ರಾಗಿಯೂ ಅಕ್ಕಿಯೂ ಜಗಳವಾಡುವ ಕಥೆಯನ್ನು ಸರಳ ಮಾತಿನಲ್ಲಿ ಹೇಳಿ, ಅವೆರಡೂ ಸೆರೆಮನೆ ಸೇರುವಲ್ಲಿಗೆ ನಿಲ್ಲಿಸಿ ದೀಪವಾರಿಸಿ ನೋಡಿ! ಆದರೆ ಎಷ್ಟು ಯತ್ನಿಸಿದರೂ ಅಕ್ಷರಗಳನ್ನು ಅದಲುಬದಲು ಮಾಡುತ್ತ, ಓದೆಂದರೆ ಅಳುವ ಮಗುವನ್ನು ಸೋಮಾರಿ ಎನ್ನಬೇಡಿ. ಮೊದಲು ಕಣ್ಣಿನ ಪರೀಕ್ಷೆ ಆಗಲಿ, ನಂತರ ಕಲಿಕೆಯ ತೊಡಕನ್ನು ಬಲ್ಲ ತಜ್ಞರ ಭೇಟಿ. 2007ರ ‘ತಾರೇ ಜಮೀನ್ ಪರ್’ ಚಿತ್ರದ ಬಾಲಕನನ್ನು ನೀವು ಮರೆತಿರಲಾರಿರಿ. ಅಂಥ ತೊಡಕನ್ನು 2016ರ ಕಾಯಿದೆ ಅಂಗವೈಕಲ್ಯಗಳ ಪಟ್ಟಿಯಲ್ಲೇ ಸೇರಿಸಿದೆ.

ಕೊನೆಯದಾಗಿ ಒಂದು ಬಿನ್ನಹ. ಇಲ್ಲಿ ತೀರ್ಥಪ್ರಸಾದದ ಪಂಕ್ತಿಗಾಗಿ ಮಕ್ಕಳು ಅರ್ಧ ಗಂಟೆಯಾದರೂ ಕಾಯುತ್ತಾರೆ. ಆ ಮೂಲೆಯಲ್ಲಿ ಅವರ ಕೈಗೆಟಕುವಷ್ಟೇ ಎತ್ತರದ ಒಂದು ಕಪಾಟು ಇರಲಿ. ಅದಕ್ಕೆ ಬೀಗ ಬೇಡ. ಕೆಲವು ಪುಸ್ತಕಗಳು ಹರಿಯುತ್ತವೆ, ಕೆಲವು ಯಾರದೋ ಮನೆ ಸೇರುತ್ತವೆ, ಸೇರಲಿ. ನನ್ನಲ್ಲಿದ್ದ ‘ಭಾರತ-ಭಾರತಿ’ಯ ನಲವತ್ತು ಪುಸ್ತಕಗಳನ್ನು ಚೀಲದಲ್ಲಿ ತಂದಿದ್ದೇನೆ. ವ್ಯವಸ್ಥಾಪಕರು ಸ್ಥಳ ತೋರಿಸಿದರೆ ಜೋಡಿಸಿಟ್ಟೇ ಊಟಕ್ಕೆ ಬರುತ್ತೇನೆ.