ಕನ್ನಂಬಾಡಿ ಕಟ್ಟೆ ಮತ್ತು ಕೋರ್ಟಿನ ತೀರ್ಪು
(ಮದ್ದೂರಿನಲ್ಲಿ ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನ ತೀರ್ಪು ವಕೀಲರ ಸಂಗತಿ, ನಮಗೇಕೆ ಎಂದು ಕೆಲವರು ಕೇಳುತ್ತೀರಿ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಲ್ಲಿ ಕಬ್ಬು. ಕಬ್ಬು ಬಂದರೆ ಆಲೆಮನೆಗೂ ಕಾರ್ಖಾನೆಗೂ ಕೆಲಸ. ಕೂಲಿಗಾರನ ಕೈಗೆ ಬಟವಾಡೆ ಬಂದರೆ ಅಂಗಡಿಯವನ ಸಾಲದ ಪುಸ್ತಕ ಹಗುರವಾಗುತ್ತದೆ. ಆ ಕಟ್ಟೆಗೆ ಆಪತ್ತು ಬಂದರೆ ಇಲ್ಲಿ ಕೂತ ಎಲ್ಲರ ಒಲೆಗೂ ಆಪತ್ತು.

1911ರಲ್ಲಿ ಕೆಲಸ ಆರಂಭವಾದ ಈ ಕಟ್ಟೆಯ ಆಸುಪಾಸಿನಲ್ಲಿ, ಪಾಂಡವಪುರದ ಬೇಬಿ ಬೆಟ್ಟದ ಕಡೆ, ಕಲ್ಲುಗಣಿಯವರು ವರ್ಷಗಟ್ಟಲೆ ಸಿಡಿಮದ್ದು ಸಿಡಿಸಿದರು. ಇದಕ್ಕೆ ಕರ್ನಾಟಕ ಹೈಕೋರ್ಟು 2024ರ ಜನವರಿಯಲ್ಲಿ ತಡೆ ಹಾಕಿತು. 2021ರ ಅಣೆಕಟ್ಟೆ ಸುರಕ್ಷತಾ ಕಾಯಿದೆಯ ಪ್ರಕಾರ ಅಧ್ಯಯನ ಮುಗಿಯುವ ತನಕ ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿ ಕೆಲಸ ಕೂಡದೆಂದಿತು. ಕೇಡು ಆಗುವ ಮೊದಲೇ ಎಚ್ಚರ ವಹಿಸಬೇಕು, ಕೆಡಿಸಿದವನೇ ನಷ್ಟ ತೆರಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲೇ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಹೇಳಿತ್ತು. ಕಟ್ಟೆ ಬಿರುಕು ಬಿಡಲಿ, ಆಮೇಲೆ ನೋಡೋಣ ಎನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಹಾಗಾದರೆ ಕಲ್ಲು ಒಡೆಯುವ ಕೂಲಿಯ ಗತಿಯೇನು? ಆತ ನಮ್ಮವನೇ. ಲಾಭ ತಿಂದವರು ಗಣಿ ಮಾಲೀಕರು, ದೂಳು ಕುಡಿದವನು ಆತ. ಗಣಿ ನಿಂತ ದಿನದಿಂದಲೇ ಅವನಿಗೆ ಬೇರೆ ಕೆಲಸ ಕೊಡುವ ಹೊಣೆ ಸರ್ಕಾರದ್ದು. ಅದನ್ನು ಕೇಳಿ ಪಡೆಯುವ ಹೊಣೆ ನಮ್ಮ ಸಂಘಗಳದ್ದು. ಇಲ್ಲವಾದರೆ ಮಾಲೀಕರು ಅವನನ್ನೇ ರೈತರ ಎದುರು ನಿಲ್ಲಿಸುತ್ತಾರೆ.

ಇನ್ನು ದೆಹಲಿಯ ಮಾತು. ಪರಿಸರದ ಅನುಮತಿ ಇಲ್ಲದೆ ಕೆಲಸ ಹೂಡಿ, ಆಮೇಲೆ ಅನುಮತಿ ಪಡೆಯುವ ಪದ್ಧತಿ ಅಕ್ರಮವೆಂದು ಸುಪ್ರೀಂ ಕೋರ್ಟು ವನಶಕ್ತಿ ಮೊಕದ್ದಮೆಯಲ್ಲಿ 2025ರ ಮೇ 16ರಂದು ತೀರ್ಪಿತ್ತಿತು. ಬಡವ ಪರವಾನಗಿ ಇಲ್ಲದೆ ತಳ್ಳುಗಾಡಿ ನಿಲ್ಲಿಸಿದರೆ ಅಂದೇ ಎತ್ತಿಸುತ್ತಾರೆ. ದೊಡ್ಡವರಿಗೂ ಅದೇ ನ್ಯಾಯವೆಂದು ನಾವು ಸಂತೋಷಪಟ್ಟೆವು. ಅದೇ ವರ್ಷದ ನವೆಂಬರ್ 18ರಂದು ಮೂವರ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನು ಹಿಂತೆಗೆದುಕೊಂಡು, ಮೊಕದ್ದಮೆ ಮತ್ತೆ ವಿಚಾರಣೆಯಾಗಲೆಂದಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ್ದನ್ನು ಕೆಡವಬೇಕಾದೀತು ಎಂಬುದು ಅವರ ಕಾರಣ. ನ್ಯಾಯಮೂರ್ತಿ ಉಜ್ಜಲ್ ಭೂಯಾನ್ ಒಬ್ಬರೇ ಒಪ್ಪದೆ ಬೇರೆ ತೀರ್ಪು ಬರೆದರು.

ಆರು ತಿಂಗಳಲ್ಲಿ ತೀರ್ಪು ತಿರುಗಬಹುದಾದರೆ, ಒಂದು ತೀರ್ಪು ಬಂತೆಂದು ನಾವು ಮಲಗುವುದು ಹೇಗೆ? 2024ರ ಜುಲೈಯಲ್ಲಿ ಬೇಬಿ ಬೆಟ್ಟದಲ್ಲಿ ಪರೀಕ್ಷಾ ಸ್ಫೋಟ ನಡೆಸಲು ಹೊರಟಾಗ ಎದ್ದು ನಿಂತು ವಿರೋಧಿಸಿದವರು ಈ ಜಿಲ್ಲೆಯ ರೈತರು. ಅಂದು ಅವರ ಪಕ್ಕದಲ್ಲಿ ಕಾರ್ಖಾನೆಯ ಕಾರ್ಮಿಕರೆಷ್ಟು, ಪೇಟೆಯ ವರ್ತಕರೆಷ್ಟು? ನೀವೇ ಎದೆ ಮುಟ್ಟಿಕೊಂಡು ಹೇಳಿ.

ಪ್ರತಿ ಸಂಘವೂ ಆದೇಶದ ನಕಲು ತರಿಸಲಿ, ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಲಿ. ಸಿಡಿಮದ್ದಿನ ಸದ್ದು ಕೇಳಿದರೆ ದಿನ, ಹೊತ್ತು ಬರೆದಿಟ್ಟು ಜಿಲ್ಲಾಧಿಕಾರಿಗೆ ಅರ್ಜಿ ಹಾಕಲಿ. ಮುಂದಿನ ಸಲ ರೈತರು ಕರೆದಾಗ ಕಾರ್ಮಿಕರು ಬಾವುಟ ಹಿಡಿದು ಬನ್ನಿ, ವರ್ತಕರು ಒಂದು ದಿನ ಅಂಗಡಿ ಮುಚ್ಚಿ ಬನ್ನಿ.