ಒಂದು ಚುಕ್ಕೆಯ ಬೆಲೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಮಾತನ್ನು ಮುತ್ತಿಗೆ ಹೋಲಿಸಿದರು. ಆದರೆ ಮಾತನ್ನು ಎಣಿಸಿ ಎಣಿಸಿ ಹಣ ಕಟ್ಟಿಸಿಕೊಂಡದ್ದು ತಂತಿ.

ವಾಷಿಂಗ್‌ಟನ್ನಿನಿಂದ ಬಾಲ್ಟಿಮೋರಿಗೆ 1844ರಲ್ಲಿ ಮೋರ್ಸನ ತಂತಿ ನುಡಿಯಿತು. ಮರುವರ್ಷವೇ ಅವನ ಪಾಲುದಾರ ಫ್ರಾನ್ಸಿಸ್ ಸ್ಮಿತ್, ಗುಟ್ಟಿನ ಪತ್ರವ್ಯವಹಾರಕ್ಕೆಂದು ಒಂದು ಸಂಕೇತಕೋಶವನ್ನು ಪ್ರಕಟಿಸಿದ. ಗುಟ್ಟಿಗಾಗಿ ಹುಟ್ಟಿದ ಸಂಕೇತ ಬೆಳೆದದ್ದು ಮಿತವ್ಯಯದಿಂದ. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದ ತಂತಿಯಲ್ಲಿ 20 ಪದಗಳನ್ನು ಕಳುಹಿಸಲು ಮೊದಲಿಗೆ 20 ಪೌಂಡು ತೆರಬೇಕಿತ್ತು. ಇಡೀ ವಾಕ್ಯದ ಕೆಲಸವನ್ನು ಒಂದೇ ಪದದಿಂದ ಮಾಡಿಸುವ ಉಪಾಯವನ್ನು ವರ್ತಕರು ಬಿಟ್ಟಾರೆಯೇ?

ಫಿಲಡೆಲ್ಫಿಯಾದ ಉಣ್ಣೆ ವರ್ತಕ ಪ್ರಿಮ್‌ರೋಸ್ 1887ರ ಜೂನ್ 16ರಂದು ಕ್ಯಾನ್ಸಸ್ ರಾಜ್ಯದಲ್ಲಿದ್ದ ತನ್ನ ಪ್ರತಿನಿಧಿಗೆ ತಂತಿ ಕಳುಹಿಸಿದ. ಅವರ ಸಂಕೇತದಲ್ಲಿ ‘ಬೇ’ ಎಂದರೆ ‘ನಾನು ಕೊಂಡಿದ್ದೇನೆ’. ದಾರಿಯಲ್ಲಿ ಅದು ‘ಬೈ’ ಆಯಿತು, ಎಂದರೆ ‘ಕೊಂಡುಕೋ’. ಮೋರ್ಸ್ ಲಿಪಿಯಲ್ಲಿ ‘ಎ’ ಅಕ್ಷರಕ್ಕೆ ಒಂದು ಚುಕ್ಕೆ, ಒಂದು ಗೆರೆ. ‘ಯು’ ಅಕ್ಷರಕ್ಕೆ ಎರಡು ಚುಕ್ಕೆ, ಒಂದು ಗೆರೆ. ಅಂತರ ಒಂದೇ ಚುಕ್ಕೆ! ಪ್ರತಿನಿಧಿ ಅಪ್ಪಣೆಯೆಂದೇ ನಂಬಿ ಉಣ್ಣೆ ಕೊಂಡ. ನಷ್ಟ 20,000 ಡಾಲರಿಗೂ ಮಿಗಿಲು.

ದಾವೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅರ್ಧದಷ್ಟು ಹೆಚ್ಚಿನ ಶುಲ್ಕ ತೆತ್ತರೆ ಸುದ್ದಿಯನ್ನು ಹಿಂದಕ್ಕೆ ತರಿಸಿ ತಾಳೆ ನೋಡುವ ಏರ್ಪಾಟಿತ್ತು. ವರ್ತಕ ಅದನ್ನು ಕೇಳಿರಲಿಲ್ಲ. ಆದುದರಿಂದ 1894ರ ತೀರ್ಪಿನಂತೆ ಅವನಿಗೆ ಸಲ್ಲತಕ್ಕದ್ದು ತಂತಿಗೆ ತೆತ್ತ 1 ಡಾಲರ್ 15 ಸೆಂಟು ಮಾತ್ರ.

ತಪ್ಪು ಯಾರದೆಂಬುದಕ್ಕಿಂತ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಆ ಎರಡು ಇಂಗ್ಲಿಷ್ ಪದಗಳ ವಾಡಿಕೆಯ ಅರ್ಥವನ್ನು ಕನ್ನಡದಲ್ಲಿ ಹೇಳುವುದಾದರೆ, ಒಂದು ‘ಕೊಲ್ಲಿ’, ಇನ್ನೊಂದು ‘ಕೊಳ್ಳಿ’. ನಮ್ಮಲ್ಲಿಯೂ ಅಂತರ ಅಷ್ಟೇ ಕಿರಿದು! ಆದರೆ ‘ಬಂಗಾಳ ಕೊಳ್ಳಿ’ ಎಂದು ಎಲ್ಲಿಯಾದರೂ ಅಚ್ಚಾದರೆ ನಾವು ನಕ್ಕು ಮುಂದೆ ಓದುತ್ತೇವೆ. ಬಂಗಾಳವೆಂಬ ನೆರೆಯ ಪದ ಅರ್ಥವನ್ನು ಕಾಯುತ್ತದೆ. ಮಾತಿನಲ್ಲಿ ನಾವು ದುಂದೆಂದು ಭಾವಿಸುವುದರಲ್ಲಿ ಬಹುಪಾಲು ಇಂಥ ಕಾವಲು. ಸಂಕೇತಕೋಶ ಆ ಕಾವಲುಗಾರರ ಸಂಬಳವನ್ನು ಉಳಿಸಿತು. ಒಂಟಿ ಪದಕ್ಕೆ ಕೇಡು ಬಂದಾಗ ಕೂಗುವವರೇ ಇಲ್ಲವಾದರು.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಹಲವು ಸಂಕೇತಕೋಶಗಳು ಈ ಪಾಠವನ್ನು ಕಲಿತವು. ಯಾವ ಎರಡು ಸಂಕೇತಪದಗಳ ನಡುವೆಯೂ ಕನಿಷ್ಠ ಎರಡು ಅಕ್ಷರಗಳ ವ್ಯತ್ಯಾಸವಿರುವಂತೆ ಅವುಗಳ ಕರ್ತರು ನೋಡಿಕೊಂಡರು. ಒಂದು ಅಕ್ಷರ ಕೆಟ್ಟರೆ ಆ ಪದ ಕೋಶದಲ್ಲಿ ಸಿಗುತ್ತಲೇ ಇರಲಿಲ್ಲ, ಓದುವವನು ಎಚ್ಚರಗೊಳ್ಳುತ್ತಿದ್ದ. ಮಾತಿನಿಂದ ಕಸಿದುಕೊಂಡ ಕಾವಲನ್ನು ಅವರು ಹೀಗೆ ಸ್ವಲ್ಪಮಟ್ಟಿಗೆ ಹಿಂದಿರುಗಿಸಿದರು.